ಪಟೇಲರು ಹೊಡೆಸಿದ ಸುಣ್ಣ

ಇನ್‌ಸ್ಪೆಕ್ಟರ್ ಸಾಹೇಬರ ಹುಕುಂ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ. ನಮ್ಮ ಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳು ಬರೆದ ಚಿತ್ರಗಳ ಪ್ರದರ್ಶನ ನಡೆಸಬೇಕು, ಆಟೋಟ ಏರ್ಪಡಿಸಬೇಕು, ಹಂಪಾಪುರದ ಶಾಲೆಯ ಹುಡುಗರನ್ನೂ ಕರೆಸಬೇಕು, ಸಾಹೇಬರು ಖುದ್ದಾಗಿ ಬಂದು ನೋಡುತ್ತಾರೆ. ನೋಡಿದ ಮೇಲೆ ನಮ್ಮ ಶಾಲೆಗೆ ನಾಲ್ಕನೆಯ ತರಗತಿ ಕೊಡುವುದೋ ಬಿಡುವುದೋ ತೀರ್ಮಾನ. ಚಿತ್ರ ಬರೆಸಬೇಕಾದರೆ ನಾಲ್ಕು ಹಾಳೆ, ಒಂದು ಪೆನ್ಸಿಲ್ಲಾದರೂ ಕಳಿಸಿರಬಹುದೆಂದು ಲಕೋಟೆಯನ್ನು ಬೋರಲು ಹಾಕಿ ಕೊಡವಿದೆ. ಏನೂ ಬೀಳಲಿಲ್ಲ.

ನಾಲ್ಕನೆಯ ತರಗತಿಗಾಗಿ ನಾನು ಬರೆದ ಅರ್ಜಿಗಳು ಯಾವ ಬೀರುವಿನಲ್ಲಿ ಮಲಗಿದ್ದವೋ ದೇವರೇ ಬಲ್ಲ. ನಮ್ಮಲ್ಲಿ ಇದ್ದದ್ದು ಮೂರೇ ತರಗತಿ, ನಾನೊಬ್ಬನೇ ಮೇಷ್ಟ್ರು. ಮೂರನೆಯದು ಪಾಸಾದ ಗಂಡು ಮಕ್ಕಳಲ್ಲಿ ಒಬ್ಬಿಬ್ಬರು ಹಂಪಾಪುರಕ್ಕೆ ನಡೆದು ಹೋಗುತ್ತಿದ್ದರು. ದಾರಿಯಲ್ಲಿ ಕುರುಚಲು ಕಾಡು, ಆಗಾಗ ಆನೆ. ಹೆಣ್ಣು ಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಕುಂಬಾರರ ಮನೆಯ ಹುಡುಗಿಯೊಬ್ಬಳು ಹಿಂದಿನ ವರ್ಷವೇ ಮೂರನೆಯದು ಪಾಸಾಗಿ, ಹೋಗಲು ಬೇರೆ ತರಗತಿ ಇಲ್ಲದೆ ಮತ್ತೆ ಅದೇ ಮೂರನೆಯದರಲ್ಲಿ ಕೂತಿದ್ದಳು. ಪುಸ್ತಕದ ಪಾಠಗಳನ್ನೆಲ್ಲ ಪುಸ್ತಕ ಮುಚ್ಚಿಯೇ ಒಪ್ಪಿಸುತ್ತಿದ್ದಳು. ನಾನು ಪಾಠ ಮಾಡುವಾಗ ಒಂದು ಸಾಲು ಹಾರಿಸಿದರೆ ಅಲ್ಲಿಂದಲೇ ಎಚ್ಚರಿಸುತ್ತಿದ್ದಳು.

ಅವಳ ಅಪ್ಪ ಒಂದು ದಿನ ಶಾಲೆಯ ಜಗಲಿಗೆ ಬಂದು ನಿಂತ. "ಈ ವರ್ಸಾನೂ ಆಗ್ನಿಲ್ಲ ಅಂದ್ರೆ ಬುಡುಸ್ಬುಡ್ತೀನಿ ಮೇಷ್ಟ್ರೇ. ಒಂದೇ ಕ್ಲಾಸ್ನ ಎಷ್ಟ್ ದಪ ಓದಾಳು? ಮಣ್ಣು ತುಳ್ಯಾಕಾದ್ರೂ ಒಂದ್ ಜನ ಆಯ್ತದೆ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಸರಿ, ಚಿತ್ರದಿಂದ ಶುರುಮಾಡಿದೆ. ನನ್ನ ಹತ್ತಿರವಿದ್ದ ಕಾಗದವನ್ನೇ ತುಂಡು ಮಾಡಿ ಹಂಚಿದೆ. ಮಾಡೆಲ್ ಡ್ರಾಯಿಂಗ್ ಎಂದು ಮೇಷ್ಟ್ರ ತರಬೇತಿಯ ನಾರ್ಮಲ್ ಸ್ಕೂಲಿನಲ್ಲಿ ಕಲಿಸಿದ್ದರಲ್ಲ, ಅದರಂತೆ ಮೇಜಿನ ಮೇಲೆ ಒಂದು ಮಡಕೆ ಇಟ್ಟು, ನೋಡಿ ಬರೆಯಿರಿ ಎಂದೆ. ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಕಾಗದ ಎಂದರೆ ಆ ಮನೆಗಳಲ್ಲಿ ಕಂದಾಯದ ರಸೀದಿ, ಕೋರ್ಟಿನ ಸಮನ್ಸು. ಅದನ್ನು ಕೊಳೆ ಮಾಡಲು ಯಾರಿಗೂ ಧೈರ್ಯವಿಲ್ಲ. ಕುಂಬಾರರ ಹುಡುಗಿ, ದಿನವೂ ಮಡಕೆಗಳ ನಡುವೆಯೇ ಬೆಳೆದವಳು, ಹಾಳೆಯ ಒಂದು ಮೂಲೆಯಲ್ಲಿ ಅವರೆಕಾಳಿನಷ್ಟು ದೊಡ್ಡ ಮಡಕೆ ಬರೆದಿಟ್ಟಳು.

"ಯಾಕೆ ಇಷ್ಟು ಸಣ್ಣದು?"

"ಕಾಗ್ಜ ಉಳೀಲಿ ಅಂತ ಸಾ."

ಎರಡು ವಾರ ಹೀಗೇ ಹೆಣಗಾಡಿದೆ. ದೊಡ್ಡದಾಗಿ ಬರೆಯಿರಿ ಎಂದು ಗಂಟಲು ಹರಿದುಕೊಂಡೆ. ಅವರೆಕಾಳು ಕಡಲೆಕಾಳಾಯಿತು, ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಆಮೇಲೊಂದು ಬೆಳಿಗ್ಗೆ ಕುಂಬಾರರ ಬೀದಿಯಲ್ಲಿ ಹೋಗುತ್ತಿದ್ದಾಗ ಅವರ ಮನೆಯ ಹೊರಗೋಡೆ ಕಣ್ಣಿಗೆ ಬಿತ್ತು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆದ ಆನೆ. ಆಳೆತ್ತರದ ಆನೆ, ಸೊಂಡಿಲಲ್ಲಿ ರಾಗಿಯ ತೆನೆ ಕಟ್ಟನ್ನು ಎತ್ತಿಕೊಂಡು ಓಡುತ್ತಿದೆ, ಹಿಂದೆ ಒಬ್ಬ ಮುದುಕ ತಮಟೆ ಬಡಿಯುತ್ತಿದ್ದಾನೆ. ಯಾರು ಬರೆದದ್ದೆಂದು ಕೇಳುವ ಅಗತ್ಯವಿರಲಿಲ್ಲ, ಅವಳ ಕೈಯಲ್ಲಿ ಹಿಟ್ಟು ಇನ್ನೂ ಇತ್ತು.

ಅವತ್ತೇ ಕಾಗದವನ್ನು ಕಟ್ಟಿಟ್ಟೆ. ಶಾಲೆಯ ಜಗಲಿಯ ಉದ್ದನೆಯ ಗೋಡೆ, ದಾರಿಗೆ ಮುಖ ಮಾಡಿದ್ದು, ಅದೇ ನಮ್ಮ ಹಾಳೆ ಎಂದು ಮಕ್ಕಳಿಗೆ ಹೇಳಿದೆ. ಹೆಣ್ಣು ಮಕ್ಕಳು ಗೋಡೆಗೆ ಕೆಮ್ಮಣ್ಣು ಬಳಿದರು. ಬಿಳಿಗೆ ಅಕ್ಕಿ ನೆನೆಸಿ ರುಬ್ಬಿದ್ದಾಯಿತು. ಕಪ್ಪಿಗೆ ಮಡಕೆಯ ತಳದ ಮಸಿ ಕೆರೆದು, ಜಾಲಿಯ ಗೋಂದಿನಲ್ಲಿ ಕಲಸಿದೆವು. ಹಸಿರಿಗೆ ಅವರೆ ಎಲೆಯ ರಸ. ಅದು ಒಣಗಿದರೆ ಬಣ್ಣ ಹೋಗುತ್ತದೆಂದು ಒಂದೆರಡು ಸಲ ಬಳಿದ ಮೇಲೆ ಗೊತ್ತಾಗಿ, ಸ್ವಲ್ಪ ಸುಣ್ಣ ಸೇರಿಸಿ ನೋಡಿದೆವು, ಅದು ಹಳದಿಗೆ ತಿರುಗಿ ಮತ್ತೊಂದು ರಗಳೆ. ಕುಂಚಕ್ಕೆ ಈಚಲ ಕಡ್ಡಿಯ ತುದಿ ಜಗಿದರೆ ಸಾಕು. ವಾರ ಕಳೆಯುವಷ್ಟರಲ್ಲಿ ಗೋಡೆಯ ಮೇಲೆ ಹರಿಗೋಲು ಬಂತು, ಹೊಳೆ ಬಂತು, ಲಗೋರಿ ಆಡುವವರು ಬಂದರು, ನಾನೂ ಬಂದೆ. ಬೆತ್ತ ನನಗಿಂತ ಉದ್ದವಾಗಿತ್ತು. ಇರಲಿ ಎಂದು ಬಿಟ್ಟೆ.

ಚಿತ್ರದ ಕಡೆ ಒಂದು ದಾರಿಗೆ ಬಂದರೆ ಆಟದ ಕಡೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆಟವೆಂದರೆ ಚಡುಗುಡು. ಹಂಪಾಪುರದವರ ಮೇಲೆ ಆಡಬೇಕಾದ ನಮ್ಮ ತಂಡದಲ್ಲಿ ಪಟೇಲರ ಮೊಮ್ಮಗನೂ ಇದ್ದ. ಗುಂಡಗುಂಡಗೆ ಇದ್ದ ಹುಡುಗ, ಮನಸ್ಸು ಒಳ್ಳೆಯದು. ಅವನ ಸರದಿ ಬಂದರೆ ಸಂತೆಯಲ್ಲಿ ಸೊಪ್ಪು ನೋಡುವವರ ಹಾಗೆ ಸಾವಕಾಶವಾಗಿ ಗೆರೆ ದಾಟಿ, ಚಡುಗುಡು ಅನ್ನುತ್ತಾ ಎದುರಿಗಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮುಟ್ಟಿ, ಅದೇ ನಡಿಗೆಯಲ್ಲಿ ವಾಪಸು ಬರುತ್ತಿದ್ದ. ಒಬ್ಬನೂ ಅವನನ್ನು ಹಿಡಿಯುತ್ತಿರಲಿಲ್ಲ. ಕೈ ಕಟ್ಟಿಕೊಂಡು ಮುಟ್ಟಿಸಿಕೊಂಡು ಹೊರಗೆ ಹೋಗಿ ಕೂರುತ್ತಿದ್ದರು.

"ಹಿಡಿಯಿರೋ ಅವನನ್ನ! ಕಾಲು ಹಿಡಿದು ಎಳೆಯಿರೋ!" ಎಂದು ಕೂಗಿದೆ.

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಮಾತ್ರ ಬಾಯಿಬಿಟ್ಟ. "ಎಂಗ್ ಸಾ ಇಡಿಯಾದು? ನಮ್ಮಪ್ಪ ಅವರ ಮನೇಲಿ ಆರು ಕಟ್ಟಿ ಉಳಾದು."

ಇನ್ನೊಬ್ಬನ ತಾಯಿ ಅವರ ಮನೆಯಲ್ಲಿ ರಾಗಿ ಬೀಸುವವಳು. ಮತ್ತೊಬ್ಬನ ಗುಡಿಸಲು ಅವರ ಜಾಗದಲ್ಲಿದೆ. ಹೀಗೆ ಇಡೀ ತಂಡದಲ್ಲಿ ಆ ಹುಡುಗನ ಕಾಲು ಹಿಡಿದು ಎಳೆಯಲು ಯೋಗ್ಯತೆ ಇದ್ದವನು ಒಬ್ಬನೂ ಇರಲಿಲ್ಲ. ಸಾಯಂಕಾಲ ಹೊಂಗೆಮರದ ಕಟ್ಟೆಯ ಮೇಲೆ ಕೂತು ಆಟ ನೋಡುತ್ತಿದ್ದ ಪಟೇಲರು ಮೀಸೆ ತಿರುವಿ, "ನೋಡುದ್ರಾ ಮೇಷ್ಟ್ರೇ, ಒಬ್ಬನ್ ಕೈಗಾದ್ರೂ ಸಿಕ್ಕಿದ್ನಾ ನಮ್ ಐದ?" ಎನ್ನುತ್ತಿದ್ದರು. ಸಿಕ್ಕಲಿಲ್ಲ ಪಟೇಲರೇ ಎಂದು ನಾನೂ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ನಾಲ್ಕನೆಯ ತರಗತಿಗೆ ಕೋಣೆ ಬೇಕಾದರೆ ಅವರನ್ನೇ ಕೇಳಬೇಕಿತ್ತು. ಶಾಲೆಯ ಮಗ್ಗುಲಿಗೇ ಇದ್ದ ಕೋಣೆ ಅವರದು, ಅದರಲ್ಲಿ ನೇಗಿಲು, ನೊಗ, ಬೀಜದ ಗುಡಾಣ ತುಂಬಿಸಿದ್ದರು.

ಸಾಹೇಬರು ಬರುವ ಹಿಂದಿನ ದಿನ ನಾನು ಹಂಪಾಪುರಕ್ಕೆ ಹೋದೆ. ಅವರ ಕಮಾನು ಗಾಡಿಗೆ ಏರ್ಪಾಡು ಮಾಡಬೇಕಿತ್ತು, ಅಲ್ಲಿನ ಹುಡುಗರು ಎಷ್ಟು ಹೊತ್ತಿಗೆ ಹೊರಡಬೇಕೆಂದು ಅಲ್ಲಿನ ಮೇಷ್ಟ್ರ ಹತ್ತಿರ ಮಾತಾಡಬೇಕಿತ್ತು. ಹೊರಡುವಾಗ ಮಕ್ಕಳಿಗೆ, ಗೋಡೆಯ ಹತ್ತಿರ ಯಾರೂ ಸುಳಿಯಬೇಡಿ, ಬಣ್ಣ ಹಸಿ ಇದೆ ಎಂದು ಹೇಳಿದ್ದೆ. ಹೇಳಿದ್ದು ಮಕ್ಕಳಿಗೆ ಮಾತ್ರ.

ಹೊತ್ತು ಇಳಿಯುವಾಗ ಹಿಂತಿರುಗಿದೆ. ಹೊಂಗೆಮರದ ತಿರುವಿಗೆ ಬರುತ್ತಿದ್ದಂತೆ ಏನೋ ಬೆಳ್ಳಗೆ ಕಣ್ಣು ಕುಕ್ಕಿತು. ನಮ್ಮ ಶಾಲೆ. ಒಳಗೆ ಹೊರಗೆ, ಕಂಬ, ಕಿಟಕಿಯ ಚೌಕಟ್ಟು, ಜಗಲಿ, ಎಲ್ಲ ಸುಣ್ಣ. ಆ ಉದ್ದನೆಯ ಗೋಡೆಯ ಮುಂದೆ ಏಣಿ ಹಾಕಿಕೊಂಡು ಕತ್ತಾಳೆ ನಾರಿನ ಕುಂಚದಲ್ಲಿ ಕೊನೆಯ ಮೂಲೆಗೆ ಬಳಿಯುತ್ತಿದ್ದವನು ಯಾರು? ಕುಂಬಾರ, ಆ ಹುಡುಗಿಯ ಅಪ್ಪ. ಪಟೇಲರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಎಂಗದೆ ಮೇಷ್ಟ್ರೇ?"

ನಾನು ಏಣಿಯ ಬುಡದವರೆಗೆ ಹೋಗಿ ಗೋಡೆ ನೋಡಿದೆ.

"ಐಕ್ಳು ಗ್ವಾಡೆ ತುಂಬ ಗೀಚಾಕಿದ್ವು. ಪಾಪ, ನೀವೊಬ್ರು, ಎಲ್ಲಿ ಅಂತ ಕಾಯೀರಿ? ನಾಳೆ ಸಾಹೇಬ್ರು ನೋಡುದ್ರೆ ನಿಮ್ ಕೆಲ್ಸಕ್ಕೇ ಸಂಚ್ಕಾರ ಬತ್ತದೆ. ಅದ್ಕೇಯ, ಊರ್ನೋರ್ನೆಲ್ಲ ಸೇರುಸಿ ಎಲ್ಡ್ ಕೈ ಒಡುಸ್ಬುಟ್ಟೆ."

ಒಂದು ಕೈ ಸುಣ್ಣವಾದರೆ ಅಡಿಯ ಚಿತ್ರ ನೆರಳಿನ ಹಾಗಾದರೂ ಕಾಣುತ್ತಿತ್ತೇನೋ. ಎರಡು ಕೈ. ಆ ಮನುಷ್ಯನನ್ನು ಬೈಯುವಂತಿಲ್ಲ. ನನ್ನ ಮಾನ ಉಳಿಸಿದೆ ಎಂಬ ಸಂತೋಷ ಅವರ ಮುಖದ ತುಂಬ ಇತ್ತು. ಮೈಯೆಲ್ಲ ಉರಿಯುತ್ತಿದ್ದರೂ, "ಬಹಳ ಉಪಕಾರವಾಯಿತು" ಎಂದೆ. ಅಷ್ಟು ಸುಳ್ಳು ನಾನು ಬೇರೆಲ್ಲೂ ಹೇಳಿದ್ದು ನೆನಪಿಲ್ಲ.

ಆ ಹುಡುಗಿ ಕಂಕುಳಲ್ಲಿ ಬಿಂದಿಗೆ ಇಟ್ಟುಕೊಂಡು ಏಣಿಯ ಕೆಳಗೆ ನಿಂತಿದ್ದಳು. ಕೆನ್ನೆ, ಹುಬ್ಬು ಎಲ್ಲ ಸುಣ್ಣದ ಹನಿ.

"ನೀನೂ ನೀರು ಹೊತ್ತೆಯಾ?"

"ಊಂ ಸಾ."

"ನೀನು ಬರೆದ ಚಿತ್ರ ಅಲ್ಲವೇನೇ ಅದು?"

"ಊಂ ಸಾ. ಪಟೇಲ್ರು ಏಳುದ್ರಲ್ಲ."

ಬೆಳಿಗ್ಗೆ ಮಕ್ಕಳು ಒಗೆದ ಬಟ್ಟೆ ಹಾಕಿಕೊಂಡು ಬಂದವು. ನನ್ನ ಮುಂದೆ ಎರಡು ದಾರಿ. ಕಾಗದದ ಮೂಲೆಗಳಲ್ಲಿ ಕೂತ ಅವರೆಕಾಳಿನ ಮಡಕೆಗಳನ್ನು ದಾರಕ್ಕೆ ಕಟ್ಟಿ ತೂಗುಹಾಕುವುದು, ಇಲ್ಲವೇ ಬಿಳಿ ಗೋಡೆಯ ಮೇಲೆ ಹೊಸದಾಗಿ ಬರೆಸುವುದು. ಬೋಸಿ ತುಂಬ ಇದ್ದಿಲು ತಂದು ಗೋಡೆಯ ಬುಡದಲ್ಲಿಟ್ಟೆ. ಒಂದು ತುಂಡನ್ನು ಆ ಹುಡುಗಿಯ ಕೈಗೆ ಕೊಟ್ಟೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಪಟೇಲ್ರು ಒಡ್ಸಿರೋ ಸುಣ್ದ ಮ್ಯಾಲೆ ಮಸಿ ಬಳಿಯಾದಾ ಸಾ?"

"ನಾನು ಹೇಳುತ್ತಿದ್ದೇನೆ, ಬರಿ."

"ಬೈತಾರೆ."

ಉಳಿದ ಮಕ್ಕಳೂ ಅಷ್ಟೆ. ಬೆತ್ತ ತೋರಿಸಿದರೂ ಒಬ್ಬನೂ ಮುಂದೆ ಬರಲಿಲ್ಲ. ಅಲ್ಲಿ ಹಿಡಿಯುವ ಹಾಗಿಲ್ಲ, ಇಲ್ಲಿ ಬರೆಯುವ ಹಾಗಿಲ್ಲ! ಎಲ್ಲಿ ನೋಡಿದರೂ ಆ ಒಬ್ಬರ ನೆರಳು. ಬೋಸಿಯನ್ನು ಒದ್ದುಬಿಡುವಷ್ಟು ಕೋಪ ಬಂತು. ಆ ಕೋಪದಲ್ಲೇ ಒಂದು ನಿರ್ಧಾರಕ್ಕೆ ಬಂದೆ. ಮಡಕೆಗಳನ್ನು ತೂಗುಹಾಕುವುದಿಲ್ಲ. ಬೋಸಿ ಅಲ್ಲೇ ಇರಲಿ, ಗೋಡೆ ಖಾಲಿ ಇರಲಿ. ಮೊದಲು ಆಟ, ಪ್ರದರ್ಶನ ಆಮೇಲೆ. ಚಡುಗುಡುವಿನಲ್ಲಿ ಎಲ್ಲರಿಗಿಂತ ಮೊದಲು ಪಟೇಲರ ಮೊಮ್ಮಗನನ್ನೇ ಕಳಿಸುವುದು. ಇದರಿಂದ ಏನಾಗುತ್ತದೆಂದು ಪೂರ್ತಿ ಯೋಚಿಸಿದ್ದೆ ಎಂದರೆ ಸುಳ್ಳಾಗುತ್ತದೆ. ಒಂದು ಸಲವಾದರೂ ಆ ಹುಡುಗನನ್ನು ಯಾರಾದರೂ ಹಿಡಿಯುವುದನ್ನು ನಾನು ನೋಡಬೇಕಿತ್ತು.

ಸಾಹೇಬರು ಜರಿಪೇಟ ಸರಿಮಾಡಿಕೊಳ್ಳುತ್ತಾ ಗಾಡಿಯಿಂದ ಇಳಿದರು. "ಏನ್ರೀ ಮೇಷ್ಟ್ರೇ, ಎಕ್ಸಿಬಿಷನ್ ಎಲ್ರೀ? ಪ್ರೋಗ್ರಾಮಿನಲ್ಲಿ ಅದೇ ಮೊದಲು ಇದೆಯಲ್ಲ?"

"ಬಿಸಿಲೇರುವುದರೊಳಗೆ ಆಟ ಮುಗಿಸೋಣ ಅಂತ, ಸ್ವಾಮಿ."

ಅವರಿಗೆ ಹಿಡಿಸಲಿಲ್ಲ. ಗಡಿಯಾರ ತೆಗೆದು ನೋಡಿ, ಹುಂ ಎಂದು, ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಪಟೇಲರು. ಸುತ್ತ ಊರೆಲ್ಲ ನೆರೆದಿತ್ತು.

ಪಟೇಲರ ಮೊಮ್ಮಗ ಗೆರೆ ದಾಟಿದ. ಅದೇ ಸೊಪ್ಪು ನೋಡುವ ನಡಿಗೆ, ಅದೇ ನಿಧಾನದ ಚಡುಗುಡು. ಹಂಪಾಪುರದ ಹುಡುಗರಿಗೆ ಅವನು ಯಾರ ಮೊಮ್ಮಗನಾದರೆ ಏನು? ಒಬ್ಬ ಕಾಲಿಗೆ ಬಿದ್ದ, ಒಬ್ಬ ಸೊಂಟ ಹಿಡಿದ, ಉಳಿದವರೆಲ್ಲ ಮೇಲೆ ಎಗರಿದರು. ಧೂಳು ಎದ್ದಿತು. ಹುಡುಗ ಕೆಳಗೆ ಎಲ್ಲೋ ಕಾಣೆಯಾದ, ಒಂದು ಪಾದ ಮಾತ್ರ ಮೇಲಕ್ಕೆ ನಿಂತಿತ್ತು.

ಪಟೇಲರು ಎದ್ದು ನಿಂತರು. ಅಷ್ಟರಲ್ಲಿ ಹಂಪಾಪುರದ ಹುಡುಗನೊಬ್ಬ ಮೈ ಕೊಡವಿಕೊಳ್ಳುತ್ತಾ, "ನೀನ್ ಸತ್ತೆ ಕಣ್ಲಾ, ಆಚ್ಗೋಗಿ ಕುಂತ್ಕೊ" ಎಂದ. ಆಟದಲ್ಲಿ ಸಿಕ್ಕಿಬಿದ್ದವನಿಗೆ ಎಲ್ಲರೂ ಹೇಳುವ ಮಾತೇ, ಆದರೆ ನಮ್ಮೂರಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ನಾಲ್ಕನೆಯ ತರಗತಿ ಅಲ್ಲಿಗೆ ಮುಗಿಯಿತೆಂದು ನನಗೂ ಅನ್ನಿಸಿತು.

ಹುಡುಗ ಎದ್ದ. ಮಂಡಿ ತರಚಿತ್ತು, ಮೂಗಿನ ತುಂಬ ಮಣ್ಣು. ಸುತ್ತಲೂ ನೋಡಿದ. ಅಜ್ಜನ ಕಡೆ ಹೋಗಲಿಲ್ಲ, ಕುಂಟುತ್ತಾ ನನ್ನ ಹತ್ತಿರ ಬಂದ. ಕಣ್ಣು ಹೊಳೆಯುತ್ತಿತ್ತು.

"ಸಾ, ನನ್ನ ಇಡುದ್ಬುಟ್ರು ಸಾ! ಇನ್ನೊಂದ್ ದಪ ಓಗ್ಲಾ?"

ಪಟೇಲರು ಹಾಗೇ ನಿಂತಿದ್ದರು. ಆಮೇಲೆ ಕೂತರು.

ಆಟ ಮುಂದುವರಿಯಿತು. ನಮ್ಮ ಹುಡುಗರು ಹೀನಾಯವಾಗಿ ಸೋತರು, ಆದರೆ ಸೋಲುವ ಮುಂಚೆ ಒಬ್ಬಿಬ್ಬರು ಎದುರಾಳಿಯ ಕಾಲಿಗೆ ಕೈ ಹಾಕಲು ಕಲಿತಿದ್ದರು. ಓಟದ ಪಂದ್ಯಕ್ಕೆ ಗೆರೆ ಎಳೆಸುತ್ತಿದ್ದ ನಾನು ಯಾಕೋ ಜಗಲಿಯ ಕಡೆ ತಿರುಗಿ ನೋಡಿದೆ. ಆ ಹುಡುಗಿ ಗೋಡೆಯ ಮುಂದೆ ತುದಿಗಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಇದ್ದಿಲು.

ಹತ್ತಿರ ಹೋದೆ. ಬೆಳ್ಳಗಿನ ಗೋಡೆಯ ಮೇಲೆ ಆಳೆತ್ತರಕ್ಕೆ ಹುಡುಗರ ರಾಶಿ. ಕೈ ಯಾವುದು, ಕಾಲು ಯಾವುದು, ಹಲ್ಲು ಕಿರಿದ ಮುಖ ಯಾವುದು, ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿವೆ. ಎಲ್ಲಕ್ಕಿಂತ ಕೆಳಗೆ, ಮೂತಿ ನೆಲಕ್ಕೆ ಒತ್ತಿಕೊಂಡು, ಪಟೇಲರ ಮೊಮ್ಮಗ. ಗುಂಡು ಕೆನ್ನೆ ಥೇಟ್ ಅವನದೇ. ಕೆಮ್ಮಣ್ಣಿನ ಗೋಡೆಯ ಮೇಲೆ ಬರೆದದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು.

"ಬೆಳಿಗ್ಗೆ ಬೈತಾರೆ ಅಂದೆಯಲ್ಲ?"

"ಅವ್ನು ಬಿದ್ ಮ್ಯಾಲೆ ಏನೂ ಆಗ್ನಿಲ್ವಲ್ಲ ಸಾ" ಎಂದಳು. ಕೈ ನಿಲ್ಲಿಸಲಿಲ್ಲ.

ಉಳಿದ ಮಕ್ಕಳೂ ಬೋಸಿಗೆ ಕೈಹಾಕಿದರು. ಓಟದ ಪಂದ್ಯ ಮುಗಿಯುವ ಹೊತ್ತಿಗೆ ಅರ್ಧ ಗೋಡೆ ತುಂಬಿತ್ತು. ಸಾಹೇಬರು ಬಂದರು, ಹಿಂದೆಯೇ ಪಟೇಲರು, ಅವರ ಹಿಂದೆ ಊರು. ಕುಂಬಾರ ಮಗಳ ಕೆಲಸ ನೋಡಿದ್ದೇ ತಡ, ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಂಬದ ಮರೆಗೆ ಸರಿದ.

"ಇದೇನ್ರೀ ಇದು? ಸಿಲಬಸ್ಸಿನಲ್ಲಿ ಮಾಡೆಲ್ ಡ್ರಾಯಿಂಗ್ ಅಲ್ಲವೇ ಇರೋದು?" ಎಂದರು ಸಾಹೇಬರು.

ಕಾಗದದ ಮಡಕೆಗಳನ್ನು ತೆಗೆದು ಕೊಟ್ಟು, ಮೇಲಿನ ಹಾಳೆ ಗೋಡೆಯಲ್ಲಿ ಆ ರಾಶಿ ಬರೆದ ಹುಡುಗಿಯದೇ ಎಂದೆ. ಕನ್ನಡಕ ಏರಿಸಿ ಆ ಹಾಳೆಯ ಮೂಲೆಯಲ್ಲಿ ಮಡಕೆಯನ್ನು ಹುಡುಕಿದರು. ಮತ್ತೆ ಗೋಡೆ ನೋಡಿದರು. "ಇದೂ ಅದೂ ಒಬ್ಬಳೇ ಬರೆದದ್ದೇ? ಯಾವ ತರಗತಿ?"

"ಮೂರನೆಯದು, ಸ್ವಾಮಿ."

"ಹೋದ ವರ್ಷ?"

"ಮೂರನೆಯದೇ."

"ಫೇಲಾದಳೇ?"

"ಪಾಸಾದಳು, ಸ್ವಾಮಿ. ಹೋಗುವುದಕ್ಕೆ ನಾಲ್ಕನೆಯದು ಇಲ್ಲ."

ಸಾಹೇಬರು ಹಾಳೆಗಳನ್ನು ನನಗೆ ಹಿಂದಕ್ಕೆ ಕೊಟ್ಟರು. ಪಟೇಲರು ಅಷ್ಟರಲ್ಲಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಿದ್ದರು. ತಾವು ಹೊಡೆಸಿದ ಸುಣ್ಣ, ಅದರ ಮೇಲೆ ಮಸಿ, ಮಸಿಯಲ್ಲಿ ಮಣ್ಣು ಮುಕ್ಕುತ್ತಿರುವ ತಮ್ಮ ಮೊಮ್ಮಗ. ಎಷ್ಟು ಹೊತ್ತು ನೋಡಿದರೋ.

"ಯಾರವ್ವ ಬರ್ದೋಳು?"

ಹುಡುಗಿ ಮುಂದೆ ಬಂದಳು. ಇದ್ದಿಲು ಬೆನ್ನ ಹಿಂದೆ.

"ಕಾಲು ಇಂಗಲ್ಲ ಕಣವ್ವ" ಎಂದರು ಪಟೇಲರು. "ಎಡ್ಗಾಲ್ ಬರ್ದಿದ್ದೀಯ. ಮ್ಯಾಲೆ ನಿಂತಿದ್ದುದ್ದು ಬಲ್ಗಾಲು. ನಾ ನೋಡ್ನಿಲ್ವಾ?"

ಹುಡುಗಿ ಒಂದು ಸಲ ನನ್ನ ಮುಖ ನೋಡಿ, ಅಂಗೈಯಲ್ಲಿ ಆ ಕಾಲನ್ನು ಒರೆಸಿ ಮತ್ತೆ ಬರೆದಳು. ಪಟೇಲರು ತಲೆ ಓರೆ ಮಾಡಿ ನೋಡಿ, "ಆಂ, ಈಗ ಸರೋಯ್ತು" ಎಂದರು. ಮೊದಲು ನಕ್ಕವನು ಮೊಮ್ಮಗ. ಆಮೇಲೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಜಗಲಿಯ ಅಂಚಿಗೆ ಕೂತುಬಿಟ್ಟೆ.

"ತರಗತಿ ಕೊಟ್ಟರೆ ಕೋಣೆ ಎಲ್ಲಿದೆ?" ಎಂದು ಸಾಹೇಬರು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆಯೇ ಪಟೇಲರು ಹೇಳಿದರು. "ಮಗ್ಗುಲ್ ಕೋಣೆ ಅದಲ್ಲ ಸೋಮಿ. ನೇಗ್ಲು ನೊಗ ಈಚ್ಗೆ ಆಕುಸ್ತೀನಿ."

ನಾಲ್ಕನೆಯ ತರಗತಿಯ ಆರ್ಡರು ಬೇಸಿಗೆ ರಜ ಮುಗಿಯುವಷ್ಟರಲ್ಲಿ ಬಂತು. ಇನ್ನೊಬ್ಬ ಮೇಷ್ಟ್ರನ್ನು ಕೊಡುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಾಲ್ಕು ತರಗತಿಗೂ ನಾನೊಬ್ಬನೇ ಗಂಟಲು ಹರಿದುಕೊಳ್ಳಬೇಕು. ಸಾಹೇಬರ ವಿಸಿಟ್ ಷರಾ ಬೇರೆ ಹೀಗಿತ್ತು: ಶಾಲೆಯ ಗೋಡೆಗಳು ಬಹು ಶುಭ್ರವಾಗಿವೆ, ಜಗಲಿಯ ಗೋಡೆಯ ವಿಷಯದಲ್ಲಿ ಉಪಾಧ್ಯಾಯರು ಎಚ್ಚರ ವಹಿಸತಕ್ಕದ್ದು.

ಆ ದಿನದ ಸಮಾಚಾರವನ್ನು ನಾನು ಚಿತ್ರಗಳ ಬಗ್ಗೆ, ಚಡುಗುಡು ಬಗ್ಗೆ, ಓಟದಲ್ಲಿ ಗೆದ್ದವರ ಬಗ್ಗೆ, ಎಲ್ಲರ ಹೆಸರು ಹಾಕಿ ಬರೆದು ಮೈಸೂರಿನ ಒಂದು ವಾರಪತ್ರಿಕೆಗೆ ಕಳಿಸಿದ್ದೆ. ಅದು ಅಚ್ಚಾಗಿ ನನ್ನ ಕೈಗೆ ಬಂದ ದಿನ, ಶಾಲೆ ಮತ್ತೆ ತೆರೆದಿತ್ತು. ಓದು ಬರಹ ಅಷ್ಟಾಗಿ ಬಾರದ ಪಟೇಲರು ಓದಿ ಹೇಳಿ ಎಂದು ಜಗಲಿಗೆ ಬಂದು ಕೂತರು. ಓದಿದೆ. ಗ್ರಾಮದ ಪಟೇಲರು ಶಾಲೆಗೆ ಸುಣ್ಣ ಹೊಡೆಸಿ ಶಿಕ್ಷಣಾಭಿಮಾನ ಮೆರೆದರೆಂದೂ, ಇನ್‌ಸ್ಪೆಕ್ಟರವರು ಸಮಯೋಚಿತ ಭಾಷಣ ಮಾಡಿದರೆಂದೂ, ಕೊನೆಗೆ ವಂದನಾರ್ಪಣೆ, ತಾಂಬೂಲ ವಿನಿಯೋಗ ನಡೆದವೆಂದೂ ಇತ್ತು.

"ಮುಂದುಕ್ ಓದಿ."

"ಅಷ್ಟೇ, ಪಟೇಲರೇ."

"ನಮ್ ಐದ ಬಿದ್ದುದ್ದು?"

"ಹಾಕಿಲ್ಲ. ಒಂದು ಮಗುವಿನ ಹೆಸರೂ ಹಾಕಿಲ್ಲ."

ಪಟೇಲರ ಮುಖ ಕೆಂಪಾಯಿತು. "ಸುಣ್ಣ ಯಾವೂರಲ್ಲಿ ಒಡ್ಯಾಕಿಲ್ಲ? ಅದ ಬರ್ಕಂಡವ್ರೆ, ಬಿದ್ದುದ್ದ ಬುಟ್ಟವ್ರೆ. ಇದೂ ಒಂದ್ ಪತ್ರಿಕೆಯಾ!" ಇಷ್ಟು ದಿನ ನಾನೊಬ್ಬನೇ ಉರಿದುಕೊಳ್ಳುತ್ತಿದ್ದೆ, ಜೊತೆಗೆ ಒಬ್ಬರು ಸಿಕ್ಕಿದ್ದು ಅಂದೇ. ಅವರು ಎದ್ದು ಹೊಸ ಕೋಣೆಯ ಬಾಗಿಲಿಗೆ ಹೋಗಿ, "ನಾಕ್ನೇ ಕ್ಲಾಸ್ನೋಳು ಎಲ್ಲವ್ಳೆ? ಬಾರವ್ವ ಈಚ್ಗೆ" ಎಂದು ಕರೆದರು.

ಕುಂಬಾರರ ಹುಡುಗಿ ಬಂದಳು. ಪಟೇಲರು ಜಗಲಿಯ ಗೋಡೆಯಲ್ಲಿ ಇನ್ನೂ ಉಳಿದಿದ್ದ ಇದ್ದಿಲಿನ ಚಿತ್ರವನ್ನು ತೋರಿಸಿದರು.

"ಇದ್ರ ಕೆಳಗೆ ಅವನ್ ಎಸ್ರು ಬರಿ. ದಪ್ಪಕ್ ಬರಿ, ದಾರೀಲ್ ಓಗೋರ್ಗೂ ಕಾಣ್ಬೇಕು."

ಅವಳು ಇದ್ದಿಲಿನ ಬೋಸಿ ತಂದು ಬರೆದಳು. ಬರೆದು, "ಇಡ್ದೋರ ಎಸ್ರು, ಬುದ್ಧಿ?" ಎಂದು ಕೇಳಿದಳು.

ಪಟೇಲರು ಒಂದು ಗಳಿಗೆ ಯೋಚಿಸಿದರು. "ಅವ್ರುದ್ದೂ ಬರಿ. ಪತ್ರಿಕೆಯೋರಂಗೆ ಬುಡಬ್ಯಾಡ."

ಹಂಪಾಪುರದ ಹುಡುಗರ ಹೆಸರುಗಳನ್ನು ನಾನು ಹೇಳಿದೆ, ಅವಳು ಒಂದೊಂದನ್ನೇ ಬರೆದಳು. ಎಲ್ಲ ಮುಗಿದ ಮೇಲೆ ಯಾರನ್ನೂ ಕೇಳದೆ, ಗೋಡೆಯ ಒಂದು ಮೂಲೆಯಲ್ಲಿ ಬಗ್ಗಿ ಏನೋ ಗೀಚಿದಳು.

"ಅದ್ಯಾರ್ದು ಮೂಲೇಲಿ?" ಎಂದು ಪಟೇಲರು ನನ್ನನ್ನು ಕೇಳಿದರು.

"ಚಿತ್ರ ಬರೆದವಳದು."

"ಅಷ್ಟ್ ಸಣ್ಕೆ ಬರುದ್ರೆ ಯಾರ್ಗ್ ಕಂಡದು ಮಗಾ? ಅಳ್ಸಿ ದಪ್ಪಕ್ ಬರಿ."

ಹುಡುಗಿ ಲಂಗದ ಅಂಚಿನಿಂದ ಮೂಲೆಯನ್ನು ಒರೆಸಿ, ಬೋಸಿಯಿಂದ ಹೊಸ ಇದ್ದಿಲು ಆರಿಸಿಕೊಂಡು, ತನ್ನ ಹೆಸರನ್ನು ಎರಡು ಮೊಳ ಉದ್ದಕ್ಕೆ ಬರೆದಳು.